ದಾರಿಯ ಮೇಲಿನ ವಸ್ತುಸಂಗ್ರಹಾಲಯಗಳಿಗೆಲ್ಲ ಒಂದೇ ದಿನ ರಜೆ ಏಕೆ?

ಮಾನ್ಯ ಸಂಪಾದಕರೆ,

ಕಳೆದ ದಸರಾ ರಜೆಯಲ್ಲಿ ನಾನು, ನನ್ನ ಪತ್ನಿ, ಮಗ ಹಾಗೂ ಏಳನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ತುಮಕೂರಿನಿಂದ ಕಾರಿನಲ್ಲಿ ಹೊರಟು, ಚಿತ್ರದುರ್ಗ, ಹೊಸಪೇಟೆ, ಇಳಕಲ್ಲು, ಬಾಗಲಕೋಟೆ, ವಿಜಯಪುರಗಳಲ್ಲಿರುವ ನೆಂಟರಿಷ್ಟರ ಮನೆಗಳಲ್ಲಿ ಒಂದೆರಡು ರಾತ್ರಿ ಉಳಿಯುತ್ತ, ದಾರಿಯಲ್ಲಿ ಸಿಗುವ ವಸ್ತುಸಂಗ್ರಹಾಲಯಗಳನ್ನು ನೋಡಿಕೊಂಡು ಎಂಟು ದಿನಕ್ಕೆ ಊರಿಗೆ ಮರಳಿದೆವು. ಎಂಟರಲ್ಲಿ ಒಂದು ದಿನ ಮಾತ್ರ ನಮಗೆ ಕೈಕೊಟ್ಟಿತು. ಆ ದಿನದ ಸಂಗತಿ ನಮ್ಮೊಬ್ಬರದೇ ಆಗಿದ್ದರೆ ತಮ್ಮ ಪತ್ರಿಕೆಯ ಜಾಗವನ್ನು ಕೇಳುತ್ತಿರಲಿಲ್ಲ.

ಆ ದಿನ ಶುಕ್ರವಾರ. ನನ್ನ ಪತ್ನಿಯ ತಂಗಿಯ ಮಗ ಕಟ್ಟಿಸಿದ ಮನೆಯ ಗೃಹಪ್ರವೇಶ ಬೆಳಗಿನ ಜಾವವೇ ಮುಗಿದು, ಹೋಳಿಗೆ ಊಟವೂ ಆಗಿ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮನೆತುಂಬ ಜನರಿದ್ದರೂ ಯಾರಿಗೂ ಕೆಲಸವಿರಲಿಲ್ಲ. ಹತ್ತಿರದಲ್ಲೇ ಇರುವ ವಸ್ತುಸಂಗ್ರಹಾಲಯವನ್ನು ನೋಡಿಬರೋಣವೆಂದು ನಾನೇ ಎಬ್ಬಿಸಿದೆ. ಎರಡು ಕಾರು, ಒಂದು ಟಂಟಂ, ಒಟ್ಟು ಹದಿನಾಲ್ಕು ಮಂದಿ. ಅವರಲ್ಲಿ ಆರು ಜನ ಮಕ್ಕಳು. ಗೇಟಿಗೆ ಬೀಗ ಹಾಕಿತ್ತು. ಬೇವಿನ ಮರದಡಿ ಕುಳಿತಿದ್ದ ಕಾವಲುಗಾರರು ಎದ್ದು ಬಂದು, "ಇವತ್ತ ಶುಕ್ರವಾರ, ಸೂಟಿ ಐತ್ರೀ. ನಾಳೆ ಬರ್ರಿ" ಎಂದು ಬಹಳ ಮರ್ಯಾದೆಯಿಂದಲೇ ಹೇಳಿದರು. ನಾಳೆ ಆ ಹದಿನಾಲ್ಕು ಮಂದಿ ಹದಿನಾಲ್ಕು ದಿಕ್ಕಿಗೆ ಹೋಗುವವರಿದ್ದರು. ಮೊದಲೇ ವಿಚಾರಿಸದೆ ಹೊರಟದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಯಾವ ಊರೆಂದು ನಾನು ಬರೆದಿಲ್ಲ. ಆ ದಿನ ಆ ದಾರಿಯ ಯಾವ ಊರಿನಲ್ಲಿದ್ದರೂ ಆಗುತ್ತಿದ್ದುದು ಅದೇ ಆದ್ದರಿಂದ ಊರಿನ ಹೆಸರು ಬೇಕಾಗಿಯೂ ಇಲ್ಲ.

ಏಕೆಂದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಸ್ಮಾರಕಗಳ ಮಗ್ಗುಲಲ್ಲೇ ನಡೆಸುವ ವಸ್ತುಸಂಗ್ರಹಾಲಯಗಳಿಗೆ ವಾರದ ರಜೆ ಶುಕ್ರವಾರ. ಹಂಪಿಯ ಪಕ್ಕದ ಕಮಲಾಪುರ, ಐಹೊಳೆ, ಬಾದಾಮಿ, ಗೋಳಗುಮ್ಮಟದ ಎದುರಿನ ನಗಾರಿಖಾನೆಯಲ್ಲಿರುವ ವಿಜಯಪುರದ ಸಂಗ್ರಹಾಲಯ, ಇವೆಲ್ಲವೂ ಆ ಪಟ್ಟಿಯಲ್ಲಿವೆ. ಸ್ಮಾರಕಗಳಿಗೆ ಮಾತ್ರ ಈ ರಜೆಯಿಲ್ಲ. ಶುಕ್ರವಾರ ವಿಜಯಪುರಕ್ಕೆ ಹೋದವರು ಗೋಳಗುಮ್ಮಟವನ್ನು ಹತ್ತಿ, ಪಿಸುಮಾತು ಗೋಡೆಯ ಗುಂಟ ಸುತ್ತಿ ಬರುವುದನ್ನು ಕೇಳಿಸಿಕೊಂಡು ಬರಬಹುದು. ಆದರೆ ಅದೇ ಆವರಣದಲ್ಲಿ, 1892ರಷ್ಟು ಹಿಂದೆಯೇ ಆರಂಭವಾದ ಸಂಗ್ರಹಾಲಯದೊಳಗೆ ಕಾಲಿಡುವಂತಿಲ್ಲ. ಆ ಗುಮ್ಮಟವನ್ನು ಕಟ್ಟಿಸಿದ ಆದಿಲ್‌ಶಾಹಿಗಳ ಕಾಲದ ಹಸ್ತಪ್ರತಿಗಳು, ಜಮಖಾನೆಗಳು, ಚೀನಾದ ಪಿಂಗಾಣಿ ಪಾತ್ರೆಗಳು ಒಳಗೆ, ಅವನ್ನು ನೋಡಬೇಕಾದವರು ಹೊರಗೆ.

ಸಿಬ್ಬಂದಿಗೆ ವಾರಕ್ಕೊಂದು ರಜೆ ಬೇಡವೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಮೂವತ್ತೆರಡು ವರ್ಷ ಭಾನುವಾರದ ರಜೆಯನ್ನು ಉಂಡು ನಿವೃತ್ತನಾದ ಶಿಕ್ಷಕ ನಾನು. ನನ್ನ ಪ್ರಶ್ನೆ ಇಷ್ಟೇ: ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದರಂತೆ ಬರುವ ಸಂಗ್ರಹಾಲಯಗಳೆಲ್ಲ ಒಂದೇ ದಿನ ಬಾಗಿಲು ಹಾಕಬೇಕೆ? ಐಹೊಳೆಗೂ ಬಾದಾಮಿಗೂ ನಡುವೆ ಇರುವುದು ಸುಮಾರು 35 ಕಿಲೋಮೀಟರ್. ಐಹೊಳೆಯಲ್ಲಿ ಶುಕ್ರವಾರ, ಬಾದಾಮಿಯಲ್ಲಿ ಬುಧವಾರ ರಜೆಯಿದ್ದರೆ, ಒಂದರಲ್ಲಿ ಬೀಗ ಕಂಡವರು ಮತ್ತೊಂದಕ್ಕೆ ಹೋದಾರು. ಹಳ್ಳಿಗಾಡಿನಲ್ಲಿ ವಾರದ ಸಂತೆಗಳನ್ನು ಗೊತ್ತುಮಾಡಿದವರಿಗೆ ಈ ಲೆಕ್ಕ ಎಷ್ಟೋ ತಲೆಮಾರುಗಳ ಹಿಂದೆಯೇ ತಿಳಿದಿತ್ತು: ಆಸುಪಾಸಿನ ಎರಡು ಊರುಗಳಲ್ಲಿ ಒಂದೇ ದಿನ ಸಂತೆ ನೆರೆಯುವುದನ್ನು ನಾನಂತೂ ಕಂಡಿಲ್ಲ.

ಈ ರಜೆಯನ್ನು ಗೊತ್ತುಮಾಡಿದವರ ಕಣ್ಣೆದುರು ಇದ್ದವನು ಪ್ರವಾಸಿ ಎಂಬ ಬೇರೆಯೇ ಒಬ್ಬ ಮನುಷ್ಯನಿರಬೇಕು. ಆತ ಹೋಟೆಲಿನಲ್ಲಿ ಇಳಿದು, ವೇಳಾಪಟ್ಟಿ ನೋಡಿ, ಮಾರ್ಗದರ್ಶಿಯ ಹಿಂದೆ ನಡೆಯುವವನು. ಅಂಥವರೂ ಬರುತ್ತಾರೆ, ಬರಲಿ. ಆದರೆ ನಮ್ಮ ಬಹುಪಾಲು ಜನ ದೂರದ ಊರನ್ನು ನೋಡುವುದು ಅಲ್ಲಿ ಯಾರಾದರೂ ನಮ್ಮವರು ಇರುವುದರಿಂದ. ಮದುವೆ, ಗೃಹಪ್ರವೇಶ, ಸೀಮಂತ, ಜಾತ್ರೆ, ಆಸ್ಪತ್ರೆಯಲ್ಲಿದ್ದವರ ಆರೋಗ್ಯ ವಿಚಾರಣೆ, ಹೀಗೆ ಏನೋ ಒಂದು ನೆಪದಲ್ಲಿ ಹೋಗಿ, ಕೆಲಸ ಮುಗಿದ ಮೇಲೆ ಉಳಿಯುವ ಅರ್ಧ ದಿನದಲ್ಲಿ ಊರು ನೋಡುತ್ತೇವೆ. ಆ ಅರ್ಧ ದಿನ ಬೀಳುವುದು ಹೆಚ್ಚಾಗಿ ಹಬ್ಬದ ಮರುದಿನ, ಶುಭಕಾರ್ಯಕ್ಕೆ ಒದಗುವ ಶುಕ್ರವಾರ, ಇಲ್ಲವೆ ಸರ್ಕಾರಿ ರಜೆಯ ದಿನ.

ಇದಕ್ಕೆ ಇನ್ನೊಂದು ಮುಖವೂ ಇದೆ. ನಾವು ಉಳಿದ ಮನೆಗಳಲ್ಲಿ, ಅದೇ ಊರಿನಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ ಇದ್ದವರು ಕೂಡ ತಮ್ಮೂರಿನ ಸಂಗ್ರಹಾಲಯದ ಒಳಗೆ ಹೋದವರಲ್ಲ. ಕೇಳಿದರೆ "ಎಲ್ಲಿ ಹೊಕ್ಕೈತ್ರೀ, ಇಲ್ಲೇ ಐತಲ್ಲ" ಎಂಬ ಉತ್ತರ. ಅವರು ಒಳಗೆ ಹೋಗುವುದು ನೆಂಟರು ಬಂದಾಗಲೇ. ನೆಂಟರು ಬಂದ ದಿನವೇ ಬಾಗಿಲು ಹಾಕಿದ್ದರೆ ಅವರಿಗೂ ಇಲ್ಲ, ಇವರಿಗೂ ಇಲ್ಲ.

ಮುಚ್ಚಿದ ಬಾಗಿಲಿನ ಮಾತು ಇರಲಿ, ತೆರೆದ ಬಾಗಿಲಿನಿಂದ ಏನು ದಕ್ಕಿತೆಂಬುದನ್ನೂ ಹೇಳಬೇಕು; ಇಲ್ಲವಾದರೆ ರಜೆಯ ದಿನದ ಬಗ್ಗೆ ಇಷ್ಟು ಕೊರಗುವುದೇಕೆಂದು ಓದುಗರಿಗೆ ಅನ್ನಿಸೀತು. ಶುಕ್ರವಾರದ ಹಿಂದಿನ ದಿನ ನಾವು ಕಮಲಾಪುರದಲ್ಲಿದ್ದೆವು. ಹಂಪಿಯಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಶಿಲ್ಪಗಳನ್ನು ಬ್ರಿಟಿಷ್ ಅಧಿಕಾರಿಗಳು ಮೊದಲು ಆನೆಲಾಯದಲ್ಲಿ ಒಟ್ಟುಮಾಡಿ ಇಟ್ಟಿದ್ದರು. ಅವು ಕಮಲಾಪುರದ ಈಗಿನ ಕಟ್ಟಡಕ್ಕೆ ಬಂದದ್ದು 1972ರಲ್ಲಿ. ಅಲ್ಲಿ ವೀರಗಲ್ಲು, ಮಾಸ್ತಿಕಲ್ಲು, ನಾಣ್ಯ ಎಲ್ಲವೂ ಇವೆ. ಆದರೆ ನಮ್ಮ ಹುಡುಗಿಯನ್ನು ಹಿಡಿದು ನಿಲ್ಲಿಸಿದ್ದು ನಡುವೆ ಮಾಡಿಟ್ಟಿರುವ ಹಂಪಿ ಕಣಿವೆಯ ಮಾದರಿ. ಬೆಟ್ಟಗಳು, ಅವುಗಳ ನಡುವೆ ನುಸುಳುವ ತುಂಗಭದ್ರೆ, ಕೋಟೆಯ ಸುತ್ತುಗಳು, ಬೆರಳುದ್ದದ ಗುಡಿಗಳು. ಅದರ ಸುತ್ತ ಮೂರು ಬಾರಿ ತಿರುಗಿ, "ಹೊಸಪೇಟೆ ಅಜ್ಜಿ ಮನೆ ಇದ್ರಲ್ಲಿ ಎಲ್ಲಿ ಬರುತ್ತೆ ತಾತ?" ಎಂದು ಕೇಳಿದಳು. ಮಾದರಿಯ ಅಂಚಿನಿಂದಾಚೆ, ಬರಿಯ ನೆಲವನ್ನು ತೋರಿಸಿ, "ಅಲ್ಲೆಲ್ಲೋ ಇರಬೇಕು" ಎಂದೆ. ಮಧ್ಯಾಹ್ನ ಹಂಪಿಗೆ ಹೋದಾಗ ನಮಗೆ ದಾರಿ ತೋರಿಸಿದವಳು ಅವಳೇ. ಮೊದಲು ಹಂಪಿಯನ್ನು ನೋಡಿ ದಣಿದು, ಸಮಯ ಉಳಿದರೆ ಕಮಲಾಪುರ ಎನ್ನುವುದು ಎಲ್ಲರ ಕ್ರಮ. ಸಂಗ್ರಹಾಲಯ ಸಂಜೆ ಐದಕ್ಕೆ ಮುಚ್ಚುವುದರಿಂದ ಆ ಸಮಯ ಉಳಿಯುವುದೇ ಇಲ್ಲ. ಮೊದಲು ಕಮಲಾಪುರಕ್ಕೆ ಹೋಗಿ ಎಂದು ಹೆದ್ದಾರಿಯಲ್ಲಾಗಲಿ, ಹಂಪಿಯ ರಸ್ತೆಯಲ್ಲಾಗಲಿ ಹೇಳುವ ಒಂದು ಫಲಕ ನಮ್ಮ ಕಣ್ಣಿಗೆ ಬೀಳಲಿಲ್ಲ. ನನ್ನ ಅಕ್ಕನ ಮಗ ಹೇಳಿದ್ದರಿಂದ ನಮಗೆ ತಿಳಿಯಿತು.

ಇಳಕಲ್ಲಿನಲ್ಲಿ ನಾವು ಇಳಿದುಕೊಂಡದ್ದು ಬೀಗರ ಮನೆಯಲ್ಲಿ. ಆ ಮನೆಯ ಪಡಸಾಲೆಯ ಮೂಲೆಯಲ್ಲಿ ಹಳೆಯದೊಂದು ಬೀಸುಕಲ್ಲಿದೆ. ಅದರ ಗೂಟ ಹಿಡಿಹಿಡಿದು ನುಣುಪಾಗಿ, ನಡುವೆ ಸವೆದು ಸೊಂಟ ಬಂದಂತಾಗಿದೆ. ಈಗ ಅದರಲ್ಲಿ ಯಾರೂ ಬೀಸುವುದಿಲ್ಲ. ನಾಗರಪಂಚಮಿಗೆ ಒಮ್ಮೆ ತಂಬಿಟ್ಟಿನ ಹಿಟ್ಟಿಗೆ ಮುಟ್ಟಿದರೆ ಮುಟ್ಟಿದರು, ಇಲ್ಲದಿದ್ದರೆ ಇಲ್ಲ. ಎಂಬತ್ತರ ಅಂಚಿನಲ್ಲಿರುವ ನಮ್ಮ ಬೀಗಿತಿಯವರು ಮಕ್ಕಳ ಒತ್ತಾಯಕ್ಕೆ ಅದರ ಮುಂದೆ ಕುಳಿತು, ಒಂದು ಹಿಡಿ ಜೋಳ ಹಾಕಿ, ತವರಿನ ಮೇಲಿನ ಎರಡು ತ್ರಿಪದಿಗಳನ್ನು ಹಾಡಿದರು. ಮೂರನೆಯ ಸಾಲಿಗೆ ಬರುವಾಗ ಕಲ್ಲಿನ ಸುತ್ತು ನಿಧಾನವಾಗುವುದನ್ನು ನಾನು ಅಂದೇ ಮೊದಲು ಗಮನಿಸಿದ್ದು. ಛಂದಸ್ಸನ್ನು ಪಾಠ ಹೇಳಿದವನಲ್ಲವಾದರೂ, ತ್ರಿಪದಿಗೆ ಮೂರೇ ಸಾಲು ಏಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೇಳಿಲ್ಲ.

ಮರುದಿನ ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ದಂಡೆಯ ಸಂಗ್ರಹಾಲಯವನ್ನು ನೋಡಿದೆವು. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಮೂರ್ತಿ ಅಲ್ಲಿದೆ. ಶಿಡ್ಲಫಡಿಯ ಆದಿಮಾನವರ ಕಲ್ಲಾಸರೆಯ ಪ್ರತಿಕೃತಿಯೂ ಇದೆ, ಮಕ್ಕಳು ಅದರೊಳಗಿಂದ ಹೊರಬರಲು ಒಪ್ಪಲಿಲ್ಲ. ಅದೇ ಕೆರೆಯ ಅಂಚಿನ ಬಂಡೆಯೊಂದರ ಮೇಲೆ ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನವಿದೆ. ನಮಗೆ ದೊರೆತಿರುವ ತ್ರಿಪದಿಗಳಲ್ಲಿ ಅತ್ಯಂತ ಹಳೆಯವು ಅದರಲ್ಲಿರುವವೇ. ಹಿಂದಿನ ರಾತ್ರಿ ಬೀಸುಕಲ್ಲಿನ ಮುಂದೆ ಕೇಳಿದ ಮಟ್ಟು, ಸಾವಿರದ ಮುನ್ನೂರು ವರ್ಷಗಳ ಹಿಂದೆ ಬಂಡೆಯ ಮೇಲೆ ಕೊರೆದ ಅಕ್ಷರಗಳಲ್ಲೂ ಇದೆಯೆಂದು ಹೇಳಿದಾಗ ಮೊಮ್ಮಗಳು ಅದನ್ನು ಬೀಗಿತಿಯವರಿಗೆ ಅಲ್ಲಿಂದಲೇ ಫೋನು ಮಾಡಿ ತಿಳಿಸಿದಳು. ನೆಂಟರ ಮನೆ ಮತ್ತು ಸಂಗ್ರಹಾಲಯ ಎರಡನ್ನೂ ಒಂದೇ ಪ್ರಯಾಣದಲ್ಲಿ ಕಂಡದ್ದರಿಂದ ಆದ ಲಾಭ ಇದು. ಎರಡರಲ್ಲಿ ಒಂದು ತಪ್ಪಿದ್ದರೂ ಇದು ಆಗುತ್ತಿರಲಿಲ್ಲ.

ಬಾಗಲಕೋಟೆಯ ನವನಗರದಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಒಂದು ರಾತ್ರಿ ಕಳೆದೆವು. ಆಲಮಟ್ಟಿ ಹಿನ್ನೀರಿಗೆ ಹೋದ ಹಳೆಯ ಮನೆಯ ತಲೆಬಾಗಿಲಲ್ಲಿದ್ದ, ಮನೆ ನಂಬರಿನ ತುಕ್ಕು ಹಿಡಿದ ತಗಡನ್ನು ಅವರು ದೇವರ ಕೋಣೆಯ ಗೋಡೆಗೆ ಹೊಡೆದಿಟ್ಟುಕೊಂಡಿದ್ದಾರೆ. ಅದರ ಬಗ್ಗೆ ಬರೆಯಹೊರಟರೆ ಬೇರೆಯೇ ಪತ್ರವಾಗುತ್ತದೆ.

ಇನ್ನು ವಿವರಣೆಯ ಚೀಟಿಗಳ ವಿಷಯ. ಈ ಪ್ರಯಾಣದಲ್ಲಿ ನಾವು ಕಂಡ ಒಂದು ಸಂಗ್ರಹಾಲಯದಲ್ಲಿ, ಅದರ ಹೆಸರು ಬೇಡ, ಎದೆಯೆತ್ತರದ ವೀರಗಲ್ಲೊಂದರ ಕೆಳಗೆ "ವೀರಗಲ್ಲು, 12ನೇ ಶತಮಾನ" ಎಂದಷ್ಟೇ ಬರೆದಿತ್ತು. ಯಾವ ಊರಿನದು, ಎಲ್ಲಿ ಸಿಕ್ಕಿತು, ಸತ್ತವನು ಯಾರು, ದನ ಬಿಡಿಸಲು ಹೋಗಿ ಸತ್ತನೋ, ಊರಿನ ಮೇಲೆ ಬಿದ್ದವರನ್ನು ಎದುರಿಸಿ ಸತ್ತನೋ, ಒಂದೂ ಇಲ್ಲ. ಕಲ್ಲಿನ ಮೇಲೆ ನಾಲ್ಕು ಸಾಲು ಬರಹ ಸ್ಪಷ್ಟವಾಗಿಯೇ ಇತ್ತು, ಓದಬಲ್ಲವರು ನಮ್ಮಲ್ಲಿ ಇರಲಿಲ್ಲ. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕುಳಿತಿರುವುದು ಎಂದು ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. "ಅವನ ಹೆಸರು ಅಲ್ಲೇ ಬರೆದಿದೆ, ಆದರೂ ನಮಗೆ ಗೊತ್ತಾಗಲ್ವಾ?" ಎಂದಳು ಮೊಮ್ಮಗಳು. ಉತ್ತರ ನನ್ನಲ್ಲಿರಲಿಲ್ಲ. ನಮ್ಮ ನಾಡಿನ ಶಾಸನಗಳನ್ನು ಓದಿ, ಸಂಪುಟ ಸಂಪುಟವಾಗಿ ಅಚ್ಚು ಹಾಕಿಸುವ ಕೆಲಸ ಬಿ.ಎಲ್. ರೈಸ್ ಅವರ ಕಾಲದಿಂದಲೂ ನಡೆದುಬಂದಿದೆ. ಓದಿದ್ದು ಪುಸ್ತಕದಲ್ಲಿದೆ, ಕಲ್ಲು ಸಂಗ್ರಹಾಲಯದಲ್ಲಿದೆ. ಪುಸ್ತಕದಿಂದ ಕಲ್ಲಿನ ಕೆಳಗಿನ ಚೀಟಿಗೆ ನಾಲ್ಕು ಸಾಲನ್ನು ಇಂದಿನ ಕನ್ನಡದಲ್ಲಿ ಇಳಿಸಲು ದೊಡ್ಡ ಅನುದಾನವೇನೂ ಬೇಕಾಗದು.

ಹಾಗೆ ಇಳಿಸಿದರೆ ಏನಾಗುತ್ತದೆಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಆ ಕಲ್ಲಿನ ಮೇಲೆ ಒಂದು ನಾಯಿಯೂ ಒಂದು ಕಾಡುಹಂದಿಯೂ ಕಾದಾಡುತ್ತಿವೆ. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಅವನ ಒಡೆಯ, ಗಂಗರ ಅರಸ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಹಂದಿಯ ಮೇಲೆ ಬಿಟ್ಟಾಗ ಎರಡೂ ಹೊಡೆದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಅಲ್ಲಿನ ಗೊರವನು, ಎಂದರೆ ಶಿವನ ಗುಡಿಯ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ತಟ್ಟುವುದೆಂದು ಕಟ್ಟುಮಾಡಿದರು. ಪೂಜೆ ತಪ್ಪಬಾರದೆಂದು ಬರೆಸಿಕೊಂಡ ಕಲ್ಲಿಗೂ ಈಗ ವಾರದ ರಜೆ ಇದೆ, ಅಲ್ಲಿ ಸೋಮವಾರ. ಅದು ಇರಲಿ. ಈ ಕತೆಯನ್ನು ಊಟದ ಹೊತ್ತಿನಲ್ಲಿ ಹೇಳಿದ ಮೇಲೆ ವಿಜಯಪುರದ ನನ್ನ ಸೋದರಳಿಯನ ಮಕ್ಕಳಿಬ್ಬರು ಬೆಂಗಳೂರಿಗೆ ಬಂದಾಗ ಮೊದಲು ಕಾಳಿಯನ್ನೇ ನೋಡಬೇಕೆಂದು ಹಟ ಹಿಡಿದಿದ್ದಾರೆ. "ವೀರಗಲ್ಲು, 10ನೇ ಶತಮಾನ" ಎಂದು ಹೇಳಿದ್ದರೆ ಹಟ ಹಿಡಿಯುತ್ತಿದ್ದರೇ?

ಇಷ್ಟೆಲ್ಲ ಬರೆಯುವಾಗ ನನ್ನ ಬೆನ್ನನ್ನೂ ನೋಡಿಕೊಳ್ಳಬೇಕು. ಕೆಂಪು ಬಸ್ಸಿನಲ್ಲಿ ಶೈಕ್ಷಣಿಕ ಪ್ರವಾಸವೆಂದು ಮಕ್ಕಳನ್ನು ಕರೆದೊಯ್ದ ವರ್ಷಗಳಲ್ಲಿ, ಸಂಗ್ರಹಾಲಯ ಬಂದಾಗ "ಇಪ್ಪತ್ತು ನಿಮಿಷ, ಯಾವುದನ್ನೂ ಮುಟ್ಟಬೇಡಿ, ಸಾಲು ಬಿಡಬೇಡಿ" ಎಂದು ಶಿಳ್ಳೆ ಊದಿದವನು ನಾನೇ. ಮುಂದಿನ ಊರಿನಲ್ಲಿ ರಾತ್ರಿಯ ಊಟಕ್ಕೆ ಹೇಳಿಟ್ಟಿರುತ್ತಿದ್ದೆವು. ಆ ಮಕ್ಕಳಿಗೆ ಇಂದು ಸಂಗ್ರಹಾಲಯವೆಂದರೆ ಸಾಲು ಎಂದಷ್ಟೇ ನೆನಪಿದ್ದರೆ ಅವರದೇನೂ ತಪ್ಪಿಲ್ಲ.

ರಜೆಯ ದಿನವನ್ನು ಬದಲಿಸುವುದು ಕೇಂದ್ರದ ಇಲಾಖೆಯ ಕೈಯಲ್ಲಿದೆ, ಒಂದೊಂದು ಊರಿಗೆ ಒಂದೊಂದು ನಿಯಮ ಮಾಡಿದರೆ ಪ್ರವಾಸಿಗಳಿಗೆ ಗೊಂದಲವಾಗುತ್ತದೆ ಎಂಬ ಉತ್ತರ ಬರಬಹುದು. ದೇಶಕ್ಕೆಲ್ಲ ಒಂದೇ ವಾರವಿದ್ದರೆ ನೆನಪಿಡಲು ಸುಲಭವೆಂಬುದು ದಿಟ. ಆದರೆ ಈಗ ಅದನ್ನು ನೆನಪಿಟ್ಟುಕೊಂಡವರು ಎಷ್ಟು ಮಂದಿ? ನಮ್ಮ ಹದಿನಾಲ್ಕು ಮಂದಿಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ, ಅವರಲ್ಲಿ ಐವರು ಅದೇ ಊರಿನವರು. ಹಂಪಿ, ಐಹೊಳೆ, ಬಾದಾಮಿ, ವಿಜಯಪುರದ ಸಂಗ್ರಹಾಲಯಗಳಷ್ಟಕ್ಕಾದರೂ ರಜೆಯನ್ನು ಹಂಚಿಹಾಕಿ ಒಂದು ವರ್ಷ ನೋಡಬಹುದು. ಅದು ಆಗುವವರೆಗೆ, ರಾಜ್ಯದ ಪ್ರವಾಸೋದ್ಯಮ ಇಲಾಖೆ ತಾನೇ ಮಾಡಬಹುದಾದ ಕೆಲಸವೊಂದಿದೆ. ಚಿತ್ರದುರ್ಗದಿಂದ ವಿಜಯಪುರದವರೆಗಿನ ಹೆದ್ದಾರಿಯಲ್ಲಿ, ಟೋಲ್ ಗೇಟಿನ ದರಪಟ್ಟಿ ಎಷ್ಟು ದೊಡ್ಡದಾಗಿದೆಯೋ ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಮುಂದೆ ಸಿಗುವ ಸಂಗ್ರಹಾಲಯ ಯಾವುದು, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಯಾವ ವಾರ ರಜೆ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ ಎಂಬುದನ್ನು ಕನ್ನಡದಲ್ಲಿ ಬರೆದು ನಿಲ್ಲಿಸಲಿ. ಬಸ್ ನಿಲ್ದಾಣಗಳಲ್ಲಿ ವೇಳಾಪಟ್ಟಿಯ ಪಕ್ಕದಲ್ಲೂ ಅದೇ ಇರಲಿ, ಎಲ್ಲರ ಬಳಿಯೂ ಕಾರಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕಿಸುವವರು ಕಲ್ಯಾಣಮಂಟಪಕ್ಕೆ ದಾರಿ ಹೇಳುವ ನಕ್ಷೆಯಲ್ಲಿ ಹತ್ತಿರದ ಸಂಗ್ರಹಾಲಯಕ್ಕೂ ಒಂದು ಚುಕ್ಕೆ ಹಾಕಿದರೆ ನಾನು ಆಕ್ಷೇಪಿಸುವುದಿಲ್ಲ. ಇದನ್ನು ತಮಾಷೆಗೆ ಹೇಳಿದೆನೆಂದು ನನ್ನ ಪತ್ನಿ ತಿಳಿದಿದ್ದಾರೆ.

ಬರುವ ಮಾಘದಲ್ಲಿ ಇಳಕಲ್ಲಿನ ಬೀಗರ ಮನೆಯಲ್ಲಿ ಮತ್ತೊಂದು ಮದುವೆಯಿದೆ. ಮುಹೂರ್ತ ಶುಕ್ರವಾರ. ಈ ಸಲ ಗುರುವಾರ ಬೆಳಿಗ್ಗೆಯೇ ಐಹೊಳೆಯನ್ನು ಮುಟ್ಟುವ ಹಾಗೆ ಹೊರಡುತ್ತಿದ್ದೇವೆ. ಗೃಹಪ್ರವೇಶದ ದಿನ ಬೀಗ ನೋಡಿ ಹಿಂದಿರುಗಿದವರಲ್ಲಿ ಒಂಬತ್ತು ಮಂದಿ ಆಗಲೇ ಬರುತ್ತೇವೆಂದಿದ್ದಾರೆ, ಟಂಟಂನವರೂ ಸೇರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ತುಮಕೂರು